ಅರ್ಜಿ ಕೊಡುವ ಮುಂಚೆ ನೆರೆಯವರಿಗೆ ಒಂದು ಮಾತು

(ಹಾಲು ಉತ್ಪಾದಕರ ಸಹಕಾರ ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ದಿನ ಮೇವಿನ ಬಗ್ಗೆ, ಕೆಚ್ಚಲು ಬಾವಿನ ಬಗ್ಗೆ, ಕರು ಸಾಕಣೆ ಬಗ್ಗೆ ಡಾಕ್ಟರು ಬಹಳ ಚೆನ್ನಾಗಿ ತಿಳಿಸಿಕೊಟ್ಟರು. ನಾವು ಎಸ್.ಎಸ್.ಎಲ್.ಸಿ. ಮುಗಿಸಿ ಹೊಲಕ್ಕೆ ಇಳಿದವರು. ಅವರಷ್ಟು ಹೇಳಲು ನಮ್ಮ ಕೈಲಿ ಆಗೋದಿಲ್ಲ. ಬದುವಿನ ಮೇಲೆ ನಿಂತು ಕಂಡ ಒಂದು ವಿಷಯವನ್ನಷ್ಟೇ ಹೇಳ್ತೀವಿ. ಮನೆ ಕಟ್ಟಲಿ, ಮಿಲ್ಲು ಹಾಕಲಿ, ಜಮೀನು ಅಳತೆಗೆ ಹಾಕಲಿ, ಬೋರ್ ಕೊರೆಸಲಿ, ಕಚೇರಿಗೆ ಅರ್ಜಿ ಕೊಡುವ ಮುಂಚೆ ಅಕ್ಕಪಕ್ಕದವರಿಗೆ ಒಂದು ಮಾತು ತಿಳಿಸಿ. ಇಷ್ಟೇ ನಮ್ಮ ವಿಷಯ. ಇದೇನು ದೊಡ್ಡ ವಿಷಯ ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ನಮ್ಮ ಭಾಗದಲ್ಲಿ ಮನೆ ಮನೆ ಒಡೆದಿರೋದು, ದನಕರು ಮಾರಿ ಲಾಯರಿಗೆ ಕೊಟ್ಟಿರೋದು ಬಹುಮಟ್ಟಿಗೆ ಈ ಒಂದು ಮಾತು ಆಡದೆ ಇದ್ದದ್ದರಿಂದಲೇ.

ನಿಮ್ಮ ಮನೆ ಪೆಟ್ಟಿಗೆಯಲ್ಲಿರುವ ಕ್ರಯಪತ್ರ ಅಥವಾ ವಿಭಾಗ ಪತ್ರ ತೆಗೆದು ನೋಡಿ. ಅದರಲ್ಲಿ ಜಮೀನು ಎಷ್ಟು ಎಕರೆ, ಎಷ್ಟು ಗುಂಟೆ ಅಂತ ಬರೆದು ಅಷ್ಟಕ್ಕೇ ಬಿಟ್ಟಿರೋಲ್ಲ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಇಂಥವರ ಹಿತ್ತಿಲು, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಹಳ್ಳ ಅಂತ ಚಕ್ಕುಬಂದಿ ಬರೆದಿರುತ್ತಾರೆ. ಅಂದರೆ ನಮ್ಮ ಆಸ್ತಿ ಯಾವುದು ಅಂತ ಹೇಳಬೇಕಾದರೆ ನೆರೆಯವರ ಹೆಸರು ಹೇಳಲೇಬೇಕು. ನಮ್ಮ ಹಿರಿಯರು ಪತ್ರದಲ್ಲೇ ನೆರೆಯವರನ್ನು ನಾಲ್ಕು ದಿಕ್ಕಿಗೆ ಸಾಕ್ಷಿ ಇಟ್ಟ ಹಾಗೆ ಇಟ್ಟಿದ್ದಾರೆ. ಅಂಥ ನೆರೆಯವರಿಗೆ ಒಂದು ಮಾತೂ ಹೇಳದೆ ನಾವು ನೇರವಾಗಿ ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತಿದರೆ ಅದು ಸರಿಯಾ ಅಂತ ಯೋಚನೆ ಮಾಡಿ.

ಕಾನೂನು ಏನು ಹೇಳುತ್ತೆ ಅಂತ ಸ್ವಲ್ಪ ನೋಡೋಣ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 129ನೇ ಪ್ರಕರಣದ ಪ್ರಕಾರ ಖಾತೆ ಬದಲಾವಣೆ ಆಗಬೇಕಾದರೆ ಅದನ್ನು ಚಾವಡಿಯಲ್ಲಿ ಪ್ರಕಟಿಸಬೇಕು, ಸಂಬಂಧಪಟ್ಟವರಿಗೆ ತಿಳುವಳಿಕೆ ಕೊಡಬೇಕು, ತಕರಾರು ಬಂದರೆ ವಿಚಾರಣೆ ಮಾಡಬೇಕು. ಜಮೀನಿನ ಹದ್ದುಬಸ್ತಿಗೆ ಅರ್ಜಿ ಹಾಕಿದರೆ ಸರ್ವೆಯವರು ಅಳತೆಯ ದಿನ ಗೊತ್ತುಮಾಡಿ ಬಾಜು ಜಮೀನಿನವರಿಗೆ ನೋಟೀಸ್ ಕೊಡ್ತಾರೆ. ಇದು ಸರ್ಕಾರದವರು ಕೊಡುವ ತಿಳುವಳಿಕೆ.

ಎಲ್ಲ ಅರ್ಜಿಗೂ ಹೀಗೆ ಇಲ್ಲ. ವ್ಯವಸಾಯಕ್ಕೆ ಬೇಕಾದ ಕೊಟ್ಟಿಗೆ, ಬಾವಿ, ತೋಟದ ಮನೆ ಇಂಥವನ್ನು ಸಾಗುವಳಿ ಜಮೀನಿನಲ್ಲಿ ಮಾಡಿಕೊಳ್ಳಲು ಅದೇ ಕಾಯಿದೆಯ 95ನೇ ಪ್ರಕರಣ ರೈತನಿಗೆ ಹಕ್ಕು ಕೊಟ್ಟಿದೆ. ಮನೆ ಕಟ್ಟಡಕ್ಕೆ 1993ರ ಪಂಚಾಯತ್ ರಾಜ್ ಕಾಯಿದೆಯ 64ನೇ ಪ್ರಕರಣದಂತೆ ಪಂಚಾಯಿತಿಯ ಲಿಖಿತ ಅನುಮತಿ ಬೇಕು. ಕಾರ್ಖಾನೆ ಕಟ್ಟುವುದಕ್ಕೆ, ಯಂತ್ರ ಹೂಡುವುದಕ್ಕೆ 66ನೇ ಪ್ರಕರಣ ಇದೆ. ಕುಡಿಯುವ ನೀರಿನ ಸಾರ್ವಜನಿಕ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ ತೋಡಬಾರದು ಅಂತ 1999ರ ಅಂತರ್ಜಲ ಕಾಯಿದೆ ಹೇಳಿತು. ಹೀಗೆ ಅನುಮತಿ ಕೇಳುವ ಕಡೆ ಎಲ್ಲಾ ಮೊದಲು ಪಕ್ಕದ ಮನೆಯವರಿಗೆ ಹೇಳಿ ಬನ್ನಿ ಅಂತ ಯಾವ ಗುಮಾಸ್ತರೂ ನಮಗೆ ಹೇಳೋಲ್ಲ. ಆ ಜಾಗವನ್ನು ನಾವೇ ತುಂಬಬೇಕು.

ಸರ್ಕಾರದ ನೋಟೀಸ್ ಬಂದೇ ಬರುತ್ತಲ್ಲ, ನಾವ್ಯಾಕೆ ಹೋಗಿ ಹೇಳಬೇಕು ಅಂತ ಕೆಲವರು ಕೇಳ್ತಾರೆ. ಪಕ್ಕದ ಊರಿನ ಒಂದು ಸಂಗತಿ ಹೇಳ್ತೀವಿ, ಹೆಸರು ಬೇಡ. ಇಬ್ಬರು ದಾಯಾದಿಗಳು. ಅಕ್ಕಪಕ್ಕ ಜಮೀನು, ಮಧ್ಯೆ ಭೂತಾಳೆ ಬೇಲಿ. ಅಣ್ಣನ ಕಡೆಯವರು ಬೆಳೆಸಾಲಕ್ಕೆ ದಾಖಲೆ ಸರಿಮಾಡಿಕೊಳ್ಳೋಣ ಅಂತ ಹದ್ದುಬಸ್ತಿಗೆ ಅರ್ಜಿ ಹಾಕಿದರು. ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ. ಆದರೆ ತಮ್ಮನ ಕಡೆಯವರಿಗೆ ಮೊದಲು ತಿಳಿದದ್ದು ಸರ್ವೆ ನೋಟೀಸಿನಿಂದ. ಜಾತ್ರೆಯಲ್ಲಿ ಜೊತೇಲಿ ಊಟ ಮಾಡಿದವನು ಬಾಯಿ ಬಿಡಲಿಲ್ಲ, ಕಾಗದ ಕಳಿಸಿದ್ದಾನೆ, ನಮ್ಮ ಜಮೀನಿನ ಮೇಲೆ ಕಣ್ಣು ಹಾಕಿದ್ದಾನೆ ಅಂತ ಅವರು ತಿಳಿದರು. ಅಳತೆ ದಿನ ಬಾಯಿಗೆ ಬಾಯಿ ಆಯಿತು. ಆಮೇಲೆ ದಾವಾ, ತಡೆಯಾಜ್ಞೆ, ವಾಯಿದೆ ಮೇಲೆ ವಾಯಿದೆ. ತಕರಾರು ಇದ್ದದ್ದು ನಾಲ್ಕು ಗುಂಟೆಗೆ. ಒಂದು ಗುಂಟೆ ಅಂದರೆ 33 ಅಡಿ ಉದ್ದ 33 ಅಡಿ ಅಗಲ, 1089 ಚದರ ಅಡಿ. ನಾಲ್ಕು ಗುಂಟೆಯಲ್ಲಿ ಎಷ್ಟು ರಾಗಿ ಬೆಳೆಯುತ್ತೆ ಅಂತ ನಿಮಗೇ ಗೊತ್ತು. ಅದಕ್ಕೋಸ್ಕರ ಒಂದು ಮನೆಯವರು ಎರಡು ಸೀಮೆಹಸು ಮಾರಿದರು, ಇನ್ನೊಂದು ಮನೆಯವರು ತೆಂಗಿನ ತೋಟ ಆಧಾರ ಮಾಡಿದರು. ಆ ಹಸುಗಳ ಹಾಲು ಅಲ್ಲಿನ ಸಂಘಕ್ಕೆ ಬರುತ್ತಿತ್ತು, ಅದೂ ನಿಂತಿತು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಇನ್ನು ಕೆಲವರು ನೆರೆಯವರಿಗೆ ಹೇಳುವ ಬದಲು ಮೊದಲೇ ಕೇವಿಯಟ್ ಹಾಕಿಬಿಡ್ತಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 148-ಎ ಪ್ರಕಾರ ಕೇವಿಯಟ್ ಹಾಕಿದವರು ಎದುರು ಕಕ್ಷಿಗೆ ರಿಜಿಸ್ಟರ್ ಟಪಾಲಿನಲ್ಲಿ ತಿಳಿಸಬೇಕು. ಅದಕ್ಕೆ 90 ದಿನ ಆಯುಸ್ಸು. ನಿಜವಾಗಿ ತಂಟೆ ಇರುವ ಕಡೆ ಅದು ಬೇಕಾಗಬಹುದು. ಆದರೆ ತಂಟೆ ಇಲ್ಲದ ಮನೆಗೆ ಪೋಸ್ಟ್‌ಮ್ಯಾನ್ ಕೈಲಿ ಮೊದಲ ಮಾತು ಹೋದರೆ ಇಲ್ಲದ ತಂಟೆ ಹುಟ್ಟುತ್ತೆ. ಹತ್ತು ಹೆಜ್ಜೆ ನಡೆದು ಜಗಲಿ ಮೇಲೆ ಕೂತು ಹೇಳುವುದನ್ನು ಟಪಾಲಿಗೆ ಯಾಕೆ ಕೊಡಬೇಕು?

ಈಗ ನಮ್ಮ ಸಂಘದ ವಿಷಯಕ್ಕೇ ಬರೋಣ. ಈ ಕಟ್ಟಡ 2016ರಲ್ಲಿ ಆದದ್ದು ನಿಮಗೆಲ್ಲ ನೆನಪಿದೆ. ಅದಕ್ಕೆ ಮುಂಚೆ ಬಾಡಿಗೆ ಕೋಣೆಯಲ್ಲಿ ಹಾಲು ಅಳೆಯುತ್ತಿದ್ದೆವು. ಬಿ.ಎಂ.ಸಿ. ಅಂದರೆ ಹಾಲು ತಣ್ಣಗೆ ಮಾಡುವ ಯಂತ್ರ ಬರುತ್ತೆ, ಸ್ವಂತ ಕಟ್ಟಡ ಬೇಕು ಅಂತ ಆಯಿತು. ಪಂಚಾಯಿತಿಗೆ ಅರ್ಜಿ ಬರೆಯುವ ಮುಂಚೆ ಆಡಳಿತ ಮಂಡಳಿಯಲ್ಲಿ ಒಂದು ಠರಾವು ಮಾಡಿದೆವು. ನಿವೇಶನದ ಸುತ್ತ ಇರುವ ಮೂರು ಕಡೆಯವರಿಗೂ ನಕ್ಷೆ ತೋರಿಸಿ, ಅವರ ಮಾತು ಕೇಳಿದ ಮೇಲೆ ಅರ್ಜಿ ಕೊಡೋಣ ಅಂತ. ನಾಲ್ಕನೇ ಕಡೆ ರಸ್ತೆ.

ಪಶ್ಚಿಮದ ಮನೆ ಒಬ್ಬ ಅಜ್ಜಿಯದು. ಒಂಟಿ ಜೀವ, ಒಂದು ಎಮ್ಮೆ. ನಕ್ಷೆ ಹಿಡಿದುಕೊಂಡು ಹೋದೆವು. ಅವರಿಗೆ ಓದಲು ಬರೋಲ್ಲ. ಆದ್ದರಿಂದ ನಿವೇಶನಕ್ಕೇ ಕರೆದುಕೊಂಡು ಬಂದು ಸುಣ್ಣದ ಗೆರೆ ಹಾಕಿ ತೋರಿಸಿದೆವು. ಅಜ್ಜಿ ಗೆರೆ ಉದ್ದಕ್ಕೂ ನಡೆದು ಹೇಳಿದ್ದು ಇಷ್ಟು: “ಕಟ್ರಪ್ಪ, ಬ್ಯಾಡ ಅನ್ನಾಕಿಲ್ಲ. ಕ್ಯಾನು ತೊಳೆದ ನೀರು ಯಾವ ಕಡೆಗೆ ಬಿಡ್ತೀರಾ? ನಮ್ಮ ಸಂಪು ಈ ಗೋಡೆ ಪಕ್ಕದಾಗೇ ಐತೆ.” ಹಾಲಿನ ನೀರು ನಿಂತರೆ ಹುಳಿ ವಾಸನೆ, ನೊಣ. ಅದು ಸಂಪಿಗೆ ಇಳಿದರೆ ಕುಡಿಯುವ ನೀರೇ ಹೋಯಿತು. ಎಂಜಿನಿಯರ್ ಅವರು ಅಲ್ಲೇ ಪೆನ್ಸಿಲ್ ತೆಗೆದು ಚರಂಡಿಯನ್ನು ರಸ್ತೆ ಕಡೆಗೆ ಗೀಚಿದರು. ಮುಂದುಗಡೆ ಕಲ್ಲು, ಜಲ್ಲಿ, ಮರಳು ತುಂಬಿದ ಇಂಗುಗುಂಡಿ ಅಂತ ಸೇರಿಸಿದರು. ಕಾಗದದ ಮೇಲೆ ಗೆರೆ ಬದಲಾಯಿಸಲು ಖರ್ಚಾದದ್ದು ಒಂದು ರಬ್ಬರು. ಕಾಂಕ್ರೀಟ್ ಹಾಕಿದ ಮೇಲೆ ಆಗಿದ್ದರೆ ನೆಲ ಒಡೆಯಬೇಕಿತ್ತು.

ಉತ್ತರದ ಮನೆಯವರು ನಮ್ಮ ಸಂಘದ ಹಳೆ ಸದಸ್ಯರು. ಅವರು ಖಡಾಖಂಡಿತವಾಗಿ ಹೇಳಿದರು: “ಕರೆಂಟು ಹೋದಾಗೆಲ್ಲ ನಿಮ್ಮ ಜನರೇಟರ್ ಶುರುವಾದ್ರೆ ನಾವು ಮಲಗೋದು ಹೆಂಗೆ? ನಾನು ತಕರಾರು ಹಾಕೇ ಹಾಕ್ತೀನಿ.” ಹಾಕಿದರು ಕೂಡ. ಪಂಚಾಯಿತಿಯಲ್ಲಿ ಅವರ ಆಕ್ಷೇಪಣೆ ಓದಿ, ಎರಡೂ ಕಡೆಯವರನ್ನು ಕೂರಿಸಿ ಕೇಳಿದರು. ಜನರೇಟರನ್ನು ರಸ್ತೆ ಮೂಲೆಗೆ ತರುವುದು, ಸುತ್ತ ಗೋಡೆ ಎತ್ತುವುದು, ಹೊಗೆ ಕೊಳವೆ ರಸ್ತೆ ಕಡೆಗೆ ತಿರುಗಿಸುವುದು ಅಂತ ತೀರ್ಮಾನ ಆಯಿತು. ನಮಗೆ ಸ್ವಲ್ಪ ಖರ್ಚು ಹೆಚ್ಚಾಯಿತು, ಒಂದೂವರೆ ತಿಂಗಳು ತಡವೂ ಆಯಿತು. ಅವರು ಒಪ್ಪಿಗೆ ಪತ್ರಕ್ಕೆ ಕೊನೆಗೂ ಸಹಿ ಹಾಕಲಿಲ್ಲ. ಟ್ಯಾಂಕರ್ ಬೆಳಗ್ಗೆ ಬೇಗ ಬಂದು ನಿದ್ದೆ ಕೆಡಿಸುತ್ತೆ ಅಂತ ಈಗಲೂ ಸಭೆಯಲ್ಲಿ ಹೇಳ್ತಾರೆ. ಹೇಳಲಿ, ಅದು ಅವರ ಹಕ್ಕು. ಆದರೆ ಅವರು ಕೋರ್ಟಿಗೆ ಹೋಗಲಿಲ್ಲ, ಹಾಲು ಹಾಕುವುದನ್ನೂ ಬಿಡಲಿಲ್ಲ.

ದಕ್ಷಿಣಕ್ಕೆ ಖಾಲಿ ನಿವೇಶನ. ಅದರ ಖಾತೆ ಇನ್ನೂ ತೀರಿಹೋದ ಯಜಮಾನರ ಹೆಸರಿನಲ್ಲೇ ಇತ್ತು. ಆ ಹೆಸರಿಗೆ ಟಪಾಲು ಹಾಕಿದರೆ ವಾಪಸ್ ಬಂತು. ಸತ್ತವರಿಗೆ ನೋಟೀಸ್ ಕೊಟ್ಟು ನಮ್ಮ ಕೆಲಸ ಮುಗೀತು ಅಂತ ಕೂರಬಹುದಿತ್ತೇನೋ. ಆದರೆ ವಾರಸುದಾರರು ಬದುಕಿದ್ದಾರಲ್ಲ. ಇಬ್ಬರು ಗಂಡುಮಕ್ಕಳು ಬೆಂಗಳೂರಿನಲ್ಲಿ, ಒಬ್ಬ ಮಗಳನ್ನು ಪಕ್ಕದ ತಾಲ್ಲೂಕಿಗೆ ಕೊಟ್ಟಿದ್ದಾರೆ. ನೆಂಟರ ಕಡೆಯಿಂದ ಫೋನ್ ನಂಬರ್ ತೆಗೆದುಕೊಂಡು ಮೂವರಿಗೂ ತಿಳಿಸಿದೆವು. ಹೆಣ್ಣುಮಗಳಿಗೆ ಯಾಕೆ ಹೇಳಬೇಕು ಅಂತ ಒಬ್ಬರು ಕೇಳಿದರು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿ ಆಗಿದೆ. ಪಾಲು ಇರುವವರಿಗೆ ಮಾತೂ ಹೋಗಬೇಕು. ಯುಗಾದಿ ಹಬ್ಬಕ್ಕೆ ಅವರೆಲ್ಲ ಬಂದರು. ಟೇಪು ಹಿಡಿದು ಅಳೆದಾಗ ಅವರ ಪತ್ರಕ್ಕೂ ನಮ್ಮ ಪತ್ರಕ್ಕೂ ಒಂದೂವರೆ ಅಡಿ ಹೊಂದಾಣಿಕೆ ಆಗಲಿಲ್ಲ. ಅಷ್ಟು ಜಾಗ ಬಿಟ್ಟು ಈಚೆಗೆ ಪಾಯ ಹಾಕ್ತೀವಿ ಅಂತ ಹೇಳಿ, ಎಲ್ಲರ ಎದುರಿಗೆ ಕಲ್ಲು ನೆಟ್ಟೆವು. ಇವತ್ತು ನೀವು ಆ ಕಡೆ ಸಂದಿಯಲ್ಲಿ ನಡೆದಾಡುವ ಜಾಗ ಅದೇ.

ಈ ಮೂರು ಮನೆಯ ವಿಷಯ ಯಾಕೆ ಇಷ್ಟು ಬಿಡಿಸಿ ಹೇಳಿದೆವು ಅಂದ್ರೆ, ಮೊದಲೇ ಹೇಳಿದರೆ ಎಲ್ಲರೂ ನಗುನಗುತ್ತ ಒಪ್ಪಿಬಿಡ್ತಾರೆ ಅಂತ ನಾವು ಸುಳ್ಳು ಹೇಳುವುದಿಲ್ಲ. ಒಬ್ಬರು ಒಪ್ಪುತ್ತಾರೆ, ಒಬ್ಬರು ತಕರಾರು ಹಾಕ್ತಾರೆ, ಒಬ್ಬರು ಕೈಗೇ ಸಿಗೋಲ್ಲ. ಆದರೆ ಬರುವ ತಕರಾರು ಪಾಯ ತೆಗೆಯುವ ಮುಂಚೆ ಬರುತ್ತೆ. ಅಷ್ಟರಲ್ಲೇ ಅರ್ಧ ನಷ್ಟ ತಪ್ಪುತ್ತೆ.

ನಮ್ಮ ರೈತರಿಗೆ ಒಂದು ದೊಡ್ಡ ಭಯ ಇದೆ. ಹೇಳಿದರೆ ಅವನು ಮೊದಲೇ ಹೋಗಿ ತಡೆ ತರ್ತಾನೆ, ಆದ್ದರಿಂದ ರಾತ್ರೋರಾತ್ರಿ ಕೆಲಸ ಮುಗಿಸಿಬಿಡೋಣ ಅಂತ. ಇದಕ್ಕೆ ಎರಡು ಮಾತು. ಮೊದಲನೆಯದು, ತಿಳಿಸುವುದು ಬೇರೆ, ಅಪ್ಪಣೆ ಕೇಳುವುದು ಬೇರೆ. ನಮ್ಮ ಹಕ್ಕಿನಲ್ಲಿ ನಾವು ಕಟ್ಟುತ್ತೇವೆ. ಪಕ್ಕದವರಿಗೆ ಇಷ್ಟ ಇಲ್ಲ ಅಂದ ಮಾತ್ರಕ್ಕೆ ನಮ್ಮ ಕೆಲಸ ನಿಲ್ಲಬೇಕು ಅಂತ ಇಲ್ಲ. ಅವರ ಆಕ್ಷೇಪಣೆಯಲ್ಲಿ ಹುರುಳು ಇದೆಯೋ ಇಲ್ಲವೋ ಅಂತ ತೂಗಿ ನೋಡುವವರು ಅಧಿಕಾರಿಗಳು. ಎರಡನೆಯದು, ಹೇಳದೆ ಕಟ್ಟಿದ ಮಾತ್ರಕ್ಕೆ ಅವರ ಹಕ್ಕು ಹೋಗಿಬಿಡುವುದಿಲ್ಲ. ಬಹಿರಂಗವಾಗಿ, ಯಾರ ತಡೆಯೂ ಇಲ್ಲದೆ, ತಮ್ಮ ಹಕ್ಕು ಅಂತ 20 ವರ್ಷ ಎಡೆಬಿಡದೆ ನಡೆದು ಬಂದ ದಾರಿಗೆ, ಹರಿದು ಬಂದ ನೀರಿಗೆ ಅನುಭೋಗದ ಹಕ್ಕು ಬರುತ್ತದೆ ಎಂದು 1882ರ ಈಸ್‌ಮೆಂಟ್ ಕಾಯಿದೆ ಹೇಳುತ್ತದೆ. ಗ್ರಾಮ ನಕ್ಷೆಯಲ್ಲಿ ಬಂಡಿದಾರಿ ಇದ್ದರೆ, ಪಹಣಿಯಲ್ಲಿ ಬಿ ಖರಾಬು ಅಂತ ಇದ್ದರೆ ಅದು ಸಾರ್ವಜನಿಕರದು. ರಾತ್ರೋರಾತ್ರಿ ಬೇಲಿ ಹಾಕಿದರೂ ಬೆಳಗ್ಗೆ ಎದ್ದರೆ ಅದು ಸಾರ್ವಜನಿಕರದೇ. ಮುಚ್ಚಿಟ್ಟ ಮಾತ್ರಕ್ಕೆ ಆ ತಕರಾರು ಎಲ್ಲಿಗೂ ಹೋಗುವುದಿಲ್ಲ, ನಾವು ದುಡ್ಡು ಸುರಿದು ಮುಗಿಸಿದ ಮೇಲೆ ಎದ್ದು ಬರುತ್ತೆ.

ಇನ್ನು ತಿಳಿಸುವುದು ಹೇಗೆ? ನಮ್ಮ ಅನುಭವದಲ್ಲಿ ಕೆಲವು ವಿಷಯ ಮುಖ್ಯ.

ಒಂದು, ಮೊದಲು ನಮ್ಮ ಪತ್ರದ ಚಕ್ಕುಬಂದಿ ಓದಬೇಕು. ಈಗ ಆ ನಾಲ್ಕು ಕಡೆ ಯಾರಿದ್ದಾರೆ, ಪಹಣಿಯಲ್ಲಿ ಯಾರ ಹೆಸರಿದೆ, ಅವರು ಇದ್ದಾರೋ ತೀರಿಕೊಂಡಿದ್ದಾರೋ, ಸಾಗುವಳಿ ಯಾರು ಮಾಡ್ತಿದ್ದಾರೆ ಅಂತ ನೋಡಬೇಕು. ಜಂಟಿ ಖಾತೆ ಆದರೆ ಒಬ್ಬರಿಗೆ ಹೇಳಿ ಬಿಡಬಾರದು.

ಎರಡು, ಬಾಯಿಮಾತಿನಲ್ಲಿ ಮೊದಲು, ಬರಹದಲ್ಲಿ ಆಮೇಲೆ. ಮನೆಗೆ ಹೋಗಿ ಹೇಳಬೇಕು. ಸಂತೆಯಲ್ಲಿ, ಮದುವೆ ಮನೆಯಲ್ಲಿ, ಹೋಟೆಲ್ ಮುಂದೆ ನಾಲ್ಕು ಜನದ ಎದುರಿಗೆ ಹೇಳಿದರೆ ಒಳ್ಳೆಯ ಮಾತೂ ಕೆಡುತ್ತೆ.

ಮೂರು, ಜಾಗದಲ್ಲೇ ನಿಂತು ತೋರಿಸಬೇಕು. ಎಲ್ಲಿ ಗೋಡೆ, ಎಲ್ಲಿ ಕಿಟಕಿ, ಮಳೆ ನೀರು ಎಲ್ಲಿಗೆ ಬೀಳುತ್ತೆ, ಲಾರಿ ಎಲ್ಲಿ ತಿರುಗುತ್ತೆ, ಬೋರಿನ ಪಾಯಿಂಟ್ ಎಲ್ಲಿ ಅಂತ. ಹಳ್ಳಿಯಲ್ಲಿ ಜಗಳ ಬರುವುದು ಹೆಚ್ಚಾಗಿ ನೀರು, ದಾರಿ, ನೆರಳು ಈ ಮೂರಕ್ಕೆ. ಬದುವಿಗೆ ಒತ್ತಿ ತೆಂಗು ಇಟ್ಟರೆ ಪಕ್ಕದ ರಾಗಿ ನೆರಳಿಗೆ ಬೀಳುತ್ತೆ. ಅದಕ್ಕೆ ಯಾವ ಅರ್ಜಿಯೂ ಬೇಕಿಲ್ಲ, ಆದರೂ ಹೇಳಿ ನೆಟ್ಟರೆ ನಾಲ್ಕು ಅಡಿ ಈಚೆಗೆ ನೆಡಬಹುದು.

ನಾಲ್ಕು, ಅವರು ಹೇಳಿದ್ದನ್ನು ಬರೆದುಕೊಂಡು ಅವರ ಎದುರಿಗೆ ಓದಬೇಕು. ಸಹಿ ಹಾಕಲಿ ಬಿಡಲಿ, ತಿಳಿಸಿದ ದಿನ ಬರೆದಿಡಬೇಕು. ಓದಲು ಬಾರದವರ ಹತ್ತಿರ ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಮಹಾ ಪಾಪ, ಕಾನೂನಿನಲ್ಲೂ ತಪ್ಪು. ಅವರ ಕಡೆಯವರು ಒಬ್ಬರನ್ನು ಕೂರಿಸಿಕೊಂಡು ಓದಿ ಹೇಳಬೇಕು.

ಐದು, ಹತ್ತು ಹದಿನೈದು ದಿನ ಸಮಯ ಕೊಡಬೇಕು. ಸಂಜೆ ಹೇಳಿ ಬೆಳಗ್ಗೆ ಅರ್ಜಿ ಕೊಟ್ಟರೆ ಹೇಳಿದ ಹಾಗಲ್ಲ.

ಬರೆಯುವುದು ಹೇಗೆ ಅಂತ ಸದಸ್ಯರು ಕೇಳುತ್ತಿರುತ್ತಾರೆ. ಒಂದು ಮಾದರಿ ಇಲ್ಲಿದೆ. ಇದನ್ನೇ ನೋಡಿ ಬರೆದುಕೊಳ್ಳಬಹುದು:

“ಶ್ರೀಮತಿ/ಶ್ರೀ ........ ಅವರಿಗೆ ನಮಸ್ಕಾರಗಳು. ನಮ್ಮ ಸರ್ವೆ ನಂಬರ್/ಆಸ್ತಿ ನಂಬರ್ ........ ರಲ್ಲಿ ........ ಕಟ್ಟಲು ಪಂಚಾಯಿತಿಗೆ ದಿನಾಂಕ ........ ರ ನಂತರ ಅರ್ಜಿ ಕೊಡಬೇಕೆಂದಿದ್ದೇವೆ. ನಿಮ್ಮ ಜಾಗ ನಮ್ಮ ........ ದಿಕ್ಕಿಗೆ ಇರುವುದರಿಂದ ಮುಂಚಿತವಾಗಿ ತಿಳಿಸಿದ್ದೇವೆ. ನಕ್ಷೆಯ ಪ್ರತಿ ಇದರ ಜೊತೆ ಇದೆ. ನೀರು, ದಾರಿ, ಅಳತೆ ಈ ವಿಷಯಗಳಲ್ಲಿ ನಿಮ್ಮ ಅಭಿಪ್ರಾಯ ಇದ್ದರೆ ದಯವಿಟ್ಟು ತಿಳಿಸಿ, ಕೂತು ಮಾತಾಡೋಣ. ಇದು ತಿಳುವಳಿಕೆ ಪತ್ರವೇ ಹೊರತು, ಇದಕ್ಕೆ ಸಹಿ ಹಾಕಿದರೆ ನಿಮ್ಮ ಯಾವ ಹಕ್ಕೂ ಬಿಟ್ಟುಕೊಟ್ಟಂತೆ ಆಗುವುದಿಲ್ಲ.”

ಆ ಕೊನೆಯ ವಾಕ್ಯ ಬಿಡಬೇಡಿ. ಸಹಿ ಅಂದ ತಕ್ಷಣ ನಮ್ಮ ಜನ ಹೆದರುತ್ತಾರೆ, ಹೆದರುವುದಕ್ಕೆ ಕಾರಣವೂ ಇದೆ. ಆ ವಾಕ್ಯ ನೋಡಿದ ಮೇಲೆ ಎಷ್ಟೋ ಜನ ಧೈರ್ಯವಾಗಿ ಪತ್ರ ತೆಗೆದುಕೊಳ್ಳುತ್ತಾರೆ.

ಇಷ್ಟು ಹೇಳಿದ್ದು ಅರ್ಜಿ ಕೊಡುವವರಿಗೆ. ತಿಳಿಸಿಕೊಳ್ಳುವವರಿಗೂ ಒಂದು ಧರ್ಮ ಇದೆ. ಪಕ್ಕದವರು ಬಂದು ಹೇಳಿದಾಗ ಹಳೇ ಕೋಪ ತೀರಿಸಿಕೊಳ್ಳಲು ಇದೇ ಸಮಯ ಅಂತ ತಿಳಿಯಬಾರದು. ದುಡ್ಡು ಕೊಟ್ಟರೆ ಸಹಿ ಹಾಕ್ತೀನಿ ಅನ್ನಬಾರದು. ನಿಜವಾದ ತೊಂದರೆ ಇದ್ದರೆ ಬಾಯಿ ಬಿಟ್ಟು ಹೇಳಬೇಕು, ಬೇಕಾದರೆ ಲಿಖಿತವಾಗಿ ಆಕ್ಷೇಪಣೆ ಕೊಟ್ಟು ಕಚೇರಿಯಿಂದ ಸ್ವೀಕೃತಿ ಪಡೆಯಬೇಕು. ಸರ್ವೆ ನೋಟೀಸ್ ಬಂದರೆ ತೆಗೆದುಕೊಳ್ಳೋಲ್ಲ ಅಂತ ಬಾಗಿಲು ಹಾಕಿಕೊಳ್ಳಬಾರದು. ಬಾಗಿಲಿಗೆ ಅಂಟಿಸಿ ಹೋದರೆ ಅಳತೆ ನಿಲ್ಲುತ್ತೆ ಅಂತ ನಂಬಿ ಕೂರಬೇಡಿ. ಆ ದಿನ ಪತ್ರ ಹಿಡಿದುಕೊಂಡು ಜಮೀನಿನಲ್ಲಿ ಇರಬೇಕು. ನಮ್ಮ ಗಡಿಯನ್ನು ನಾವಿಲ್ಲದೆ ಯಾರು ತೋರಿಸುತ್ತಾರೆ?

ಸಹಕಾರ ಸಂಘದ ಸದಸ್ಯರಾದ ನಮಗೆ ಇದು ಹೊಸ ಪಾಠ ಏನಲ್ಲ. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗಿನಿಂದ ಈ ಚಳವಳಿ ನಡೆದು ಬಂದಿರೋದು ಒಬ್ಬರಿಗೊಬ್ಬರು ತಿಳಿಸಿ ಕೆಲಸ ಮಾಡುವ ನಂಬಿಕೆ ಮೇಲೆ. ನಮ್ಮ ಸರ್ವಸದಸ್ಯರ ಸಭೆಗೆ ಮುಂಚಿತವಾಗಿ ನೋಟೀಸ್ ಕೊಡ್ತೀವಿ, ಯಾವ ವಿಷಯ ಚರ್ಚೆಗೆ ಬರುತ್ತೆ ಅಂತ ಬರೆದು ಕಳಿಸ್ತೀವಿ. ನೋಟೀಸ್ ಇಲ್ಲದೆ ನಾಲ್ಕು ಜನ ಕೂತು ಠರಾವು ಬರೆದರೆ ನೀವೇ ಎದ್ದು ನಿಂತು ಕೇಳ್ತೀರಿ. ಕೇಳಲೇಬೇಕು. ಸಂಘದಲ್ಲಿ ನಾವು ಬೇಡುವ ಮರ್ಯಾದೆಯನ್ನು ಬದುವಿನ ಆಚೆ ಇರುವವರಿಗೂ ಕೊಡೋಣ.

ಇನ್ನೊಂದು ಸೂಚನೆ. ಯಾರಿಗಾದರೂ ನೇರವಾಗಿ ಹೋಗಿ ಹೇಳಲು ಸಂಕೋಚ ಇದ್ದರೆ, ಮಾತು ಬಿಟ್ಟ ಮನೆ ಆಗಿದ್ದರೆ, ಸಂಘಕ್ಕೆ ಬನ್ನಿ. ಹಾಲು ಅಳೆಯುವ ಹೊತ್ತಿಗೆ ಎರಡೂ ಮನೆಯವರು ಹೇಗೂ ಒಂದೇ ಸಾಲಿನಲ್ಲಿ ನಿಂತಿರುತ್ತೀರಿ. ನಮ್ಮ ಮಂಡಳಿಯ ಇಬ್ಬರು ಜೊತೆಗೆ ಬಂದು ಕೂರುತ್ತೇವೆ. ನಾವು ತೀರ್ಪು ಕೊಡುವುದಿಲ್ಲ, ಕೊಡುವ ಅಧಿಕಾರವೂ ನಮಗಿಲ್ಲ. ಮೊದಲ ಮಾತು ಆಡಿಸುವುದಷ್ಟೇ ನಮ್ಮ ಕೆಲಸ.

 ನಮ್ಮ ಸಂಘ ಇನ್ನೂ ಇಪ್ಪತ್ತೈದು, ಇನ್ನೂ ಐವತ್ತು ವರ್ಷ ಚೆನ್ನಾಗಿ ನಡೆಯಲಿ ಎಂದು ಹಾರೈಸುತ್ತ ನಮ್ಮ ಮಾತು ಮುಗಿಸುತ್ತೇವೆ.

ಜೈ ಸಹಕಾರ. ಜೈ ಹಿಂದ್. ಜೈ ಕರ್ನಾಟಕ.